ಚರ್ಚ್ ಅಂಗಳದಲ್ಲಿ ಮೌನದ ತೋಟ ಮಾಡುವುದು ಹೇಗೆ? ಕಾಸರಗೋಡಿನ ಮಳೆಯನ್ನು ಲೆಕ್ಕಕ್ಕೆ ಹಿಡಿದು

"ನಮ್ಮ ಚರ್ಚಿನ ಹಿಂದೆ 30 ಸೆಂಟ್ಸ್ ಜಾಗ ಸುಮ್ನೆ ಬಿದ್ದಿದೆ. ಕೂತು ಪ್ರಾರ್ಥನೆ ಮಾಡುವ ಹಾಗೆ ಒಂದು ತೋಟ ಮಾಡಬೇಕು ಅಂತ ಉಂಟು. ನಾಲ್ಕು ಚಿತ್ರ, ಒಂದೆರಡು ಶಿಲ್ಪ ಇಡಬೇಕು. ಎಲ್ಲಿಂದ ಶುರು ಮಾಡೋದು?" ಮಂಜೇಶ್ವರದ ಕಡೆಯಿಂದ ಕೇಳುತ್ತಾರೆ, ಬದಿಯಡ್ಕದ ಕಡೆಯಿಂದ ಕೇಳುತ್ತಾರೆ, ಮೊನ್ನೆ ಮಂಗಳೂರಿನ ಒಬ್ಬರು ಕೂಡ ಕೇಳಿದರು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೌನದ ತೋಟ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ಒಬ್ಬರು ಬಂದು, ಯಾರ ತಂಟೆಯೂ ಇಲ್ಲದೆ ಇಪ್ಪತ್ತು ನಿಮಿಷ ಕೂತು ಅಥವಾ ನಡೆದು ಹೋಗುವ ಜಾಗ. ಅದನ್ನು ನೆಡುವವರು, ನೀರು ಹಾಕುವವರು, ಕೊಯ್ಯುವವರು ಊರಿನವರೇ. ಅಂತರ್ಜಾಲದಲ್ಲಿ ಕಾಣುವ ಚಂದದ ತೋಟಗಳು ಹೆಚ್ಚಿನವು ಚಳಿ ದೇಶದವು. ಅವುಗಳ ನಕ್ಷೆ ಇಲ್ಲಿಗೆ ತಂದರೆ ಮೊದಲ ಜೂನಿನಲ್ಲೇ ಅರ್ಧ ಕೊಚ್ಚಿ ಹೋಗುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ, ಆಮೇಲೆ ಡಿಸೆಂಬರಿನಿಂದ ಮೇವರೆಗೆ ಹನಿ ನೀರಿಗೂ ಪರದಾಟ. ಹಾಗಾಗಿ ಕೆಳಗೆ ಹೇಳಿದ್ದನ್ನೆಲ್ಲ ಮಳೆಗಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೇಳಿದ್ದೇನೆ. ಕಲ್ಲು, ಗಾರೆ, ಬಣ್ಣದ ಕೆಲಸ ಎಲ್ಲ ತುಳುವರ ಪತ್ತನಾಜೆ ದಿನದ ಒಳಗೆ, ಅಂದರೆ ಮೇ 24ರ ಸುಮಾರಿಗೆ ಮುಗಿದಿರಬೇಕು.

1. ಒಂದು ಮಳೆಗಾಲ ಬರೀ ನೋಡಿ

ಹಾರೆ ಹಿಡಿಯುವ ಮೊದಲು ಕೊಡೆ ಹಿಡಿಯಿರಿ. ಜೋರು ಮಳೆ ಬರುವಾಗ ಆ ಜಾಗಕ್ಕೆ ಹೋಗಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ? ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಸಮತಟ್ಟಾಗಿ ಕಾಣುವ ಪದವು, ಅಂದರೆ ಬಯಲು, ಮಳೆಗಾಲದಲ್ಲಿ ಬೇರೆಯೇ ಕತೆ ಹೇಳುತ್ತದೆ.

ಶಬ್ದವನ್ನೂ ನೋಡಬೇಕು. ಭಾನುವಾರ ಬೆಳಿಗ್ಗೆ, ಕೆಲಸದ ದಿನ ಮಧ್ಯಾಹ್ನ, ಶನಿವಾರ ಸಂಜೆ, ಹೀಗೆ ಬೇರೆ ಬೇರೆ ಹೊತ್ತಿಗೆ ಆರು ಸಲ ಅಲ್ಲಿ ಕುರ್ಚಿ ಹಾಕಿ ಕೂರಿ. ಚರ್ಚಿನ ಹಾಲ್‌ನಲ್ಲಿ ಮದುವೆ ಇದ್ದ ದಿನವೂ ಒಮ್ಮೆ ಕೂರಿ. ಜನರೇಟರ್ ಎಲ್ಲಿದೆ, ಅಡುಗೆಯವರು ಪಾತ್ರೆ ತೊಳೆಯುವುದು ಎಲ್ಲಿ, ಬ್ಯಾಂಡಿನವರು ನಿಲ್ಲುವುದು ಎಲ್ಲಿ, ಎಲ್ಲ ಗೊತ್ತಾಗುತ್ತದೆ. ಹಾಲ್ ಪಕ್ಕದ ಜಾಗ ಎಷ್ಟೇ ಚಂದ ಇದ್ದರೂ ಬಿಟ್ಟುಬಿಡಿ ಅನ್ನುವುದು ನನ್ನ ಮಾತು. ಸಿಮಿಟ್ರಿಯ, ಅಂದರೆ ಸಮಾಧಿ ಜಾಗದ, ಬದಿಯನ್ನು ಜನ ಬೇಡ ಅನ್ನುತ್ತಾರೆ, ಆದರೆ ಬಹುತೇಕ ಚರ್ಚುಗಳಲ್ಲಿ ನಿಜವಾಗಿ ಶಾಂತ ಇರುವ ಮೂಲೆ ಅದೊಂದೇ.

2. ಕೇಳಬೇಕಾದವರನ್ನು ಮೊದಲೇ ಕೇಳಿ

ಫಾದರ್ ಹೂಂ ಅಂದರು ಅಂತ ಕೆಲಸ ಶುರು ಮಾಡಿಬಿಡಬೇಡಿ. ಫಾದರ್‌ಗೆ ವರ್ಗಾವಣೆ ಆಗುತ್ತದೆ, ತೋಟಕ್ಕೆ ಆಗುವುದಿಲ್ಲ. ಪಾಲನಾ ಸಮಿತಿಯ ಸಭೆಯಲ್ಲಿ ವಿಷಯ ಬರಬೇಕು, ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. ಇಲ್ಲಿನ ಹೆಚ್ಚಿನ ಕೊಂಕಣಿ, ಕನ್ನಡ ಕ್ಯಾಥೊಲಿಕ್ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಮಂಗಳೂರಿನ ಬಿಷಪರ ಆಡಳಿತಕ್ಕೆ ಸೇರಿದವು. ದೊಡ್ಡ ಖರ್ಚು ಅಥವಾ ಪೂಜ್ಯ ಮೂರ್ತಿಯ ವಿಷಯ ಇದ್ದರೆ ಅಲ್ಲಿಯ ಒಪ್ಪಿಗೆ ಬೇಕೋ ಅಂತ ಫಾದರ್ ಮೂಲಕವೇ ಕೇಳಿಸಿ. ನೀವು ಪ್ರೊಟೆಸ್ಟೆಂಟರ ಸಿಎಸ್‌ಐ ಸಭೆಯವರಾದರೆ ಸಭಾಪಾಲಕರು ಮತ್ತು ಸಭೆಯ ಸಮಿತಿ. ಗೋಡೆ, ಮಾಡು, ಚಪ್ಪರ ಯಾವುದನ್ನೇ ಗಟ್ಟಿಯಾಗಿ ಕಟ್ಟುವುದಿದ್ದರೂ ಪಂಚಾಯತ್ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ಬನ್ನಿ.

"ತೋಟಕ್ಕೆಲ್ಲ ಯಾಕೆ ದುಡ್ಡು, ಆ ದುಡ್ಡಲ್ಲಿ ಇಂಟರ್‌ಲಾಕ್ ಹಾಕಿದರೆ ಪಾರ್ಕಿಂಗ್ ಆಗುತ್ತದೆ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸೀ' ತೋರಿಸಿ. ಅದೊಂದು ವಿಶ್ವಪತ್ರ, ಅಂದರೆ ಪೋಪರು ಇಡೀ ಧರ್ಮಸಭೆಗೆ ಬರೆಯುವ ಪತ್ರ. ಭೂಮಿ ನಮ್ಮೆಲ್ಲರ ಮನೆ, ಅದನ್ನು ನೋಡಿಕೊಳ್ಳಬೇಕು ಅನ್ನುವುದೇ ಅದರ ವಿಷಯ. ಅದಕ್ಕೂ ಬಗ್ಗದಿದ್ದರೆ ಅವರನ್ನೇ ತೋಟದ ಖಜಾಂಚಿ ಮಾಡಿ. ಹೆಚ್ಚಿನ ಸಲ ಕೆಲಸ ಆಗುತ್ತದೆ.

ಅಕ್ಕಪಕ್ಕದ ಮನೆಯವರಿಗೂ ಹೇಳಿ, ಅವರು ಯಾವ ಧರ್ಮದವರೇ ಇರಲಿ. ಊರಿನ ತೋಟ ಅಂದಮೇಲೆ ಗೇಟು ಅವರಿಗೂ ತೆರೆದಿರಬೇಕು, ಅಲ್ವಾ? ಯಾವ ಹೊತ್ತಿಗೆ ತೆರೆಯುವುದು, ಯಾರು ಮುಚ್ಚುವುದು ಅನ್ನುವುದನ್ನು ಈ ಹಂತದಲ್ಲೇ ತೀರ್ಮಾನಿಸಿ.

3. ನೀರಿಗೆ ದಾರಿ, ಆಮೇಲೆ ಮನುಷ್ಯರಿಗೆ

ಇದು ಎಲ್ಲಕ್ಕಿಂತ ಬೇಜಾರಿನ ಕೆಲಸ. ಇದನ್ನೇ ಜನ ಬಿಡುವುದು.

ಒಂದು ಲೆಕ್ಕ ನೋಡಿ. 1000 ಚದರ ಅಡಿ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಒಂದು ದಿನ 10 ಸೆಂಟಿಮೀಟರ್ ಬಿದ್ದರೆ 9300 ಲೀಟರ್. ಚರ್ಚಿನ ಮಾಡು ಅದಕ್ಕಿಂತ ಎಷ್ಟೋ ದೊಡ್ಡದು. ಆ ನೀರು ನಿಮ್ಮ ಹೂವಿನ ಮಡಿಯ ಮೇಲೆ ಬಂದು ಬಿದ್ದರೆ ಮಡಿಯೂ ಇಲ್ಲ, ಹೂವೂ ಇಲ್ಲ. ಮೊದಲು ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ, ಪೈಪು ಹಾಕಿಸಿ. ಸಾಧ್ಯವಾದರೆ ಅದನ್ನು ಟ್ಯಾಂಕಿಗೆ ಅಥವಾ ಬಾವಿ ಪಕ್ಕದ ಇಂಗುಗುಂಡಿಗೆ ಬಿಡಿ. ಇಂಗುಗುಂಡಿ ಅಂದರೆ ನೀರು ನಿಧಾನಕ್ಕೆ ಭೂಮಿಯೊಳಗೆ ಇಳಿಯಲಿ ಅಂತ ಜಲ್ಲಿ ತುಂಬಿಸಿದ ಗುಂಡಿ. ಉಳಿದ ನೀರಿಗೆ ಅಡಿಕೆ ತೋಟದಲ್ಲಿ ತೆಗೆಯುವ ಹಾಗೆ ಕಣಿ ತೆಗೆಯಿರಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಜಿಲ್ಲೆ ನಮ್ಮದು, ಊರಿನಲ್ಲಿ ಹಳೆಯ ಸುರಂಗ ಕೆಲಸದವರು ಯಾರಾದರೂ ಇದ್ದರೆ ಅವರನ್ನು ಕರೆದು ತೋರಿಸಿ. ನೀರಿನ ವಿಷಯದಲ್ಲಿ ಅವರ ಕಣ್ಣು ನಕ್ಷೆಗಿಂತ ಚುರುಕು.

ಇನ್ನೊಂದು ಮಾತು. ಚರ್ಚಿನ ಜಾಗದಲ್ಲಿ ಸುರಂಗ ಇದ್ದರೆ ಅದರ ಮೇಲೆ ಭಾರದ ಕಟ್ಟೆ, ದೊಡ್ಡ ಮರ ಎರಡೂ ಬೇಡ.

4. ಹಾದಿ

ಮೌನದ ತೋಟಕ್ಕೆ ಹಾದಿಯೇ ಜೀವ. ನಿಮಗೆ ಎರಡು ಆಯ್ಕೆ ಉಂಟು.

ಒಂದು ಶಿಲುಬೆಯ ಹಾದಿ, ಯೇಸುವಿನ ಕೊನೆಯ ಪಯಣದ 14 ನಿಲುಗಡೆಗಳು. ಇದು ಎಲ್ಲರಿಗೂ ಗೊತ್ತಿರುವುದರಿಂದ ಸಮಿತಿಯಲ್ಲಿ ಬೇಗ ಪಾಸಾಗುತ್ತದೆ. ಆದರೆ ಕರೇಸ್ಮದ ಶುಕ್ರವಾರಗಳಲ್ಲಿ, ಅಂದರೆ ಈಸ್ಟರಿಗೆ ಮೊದಲಿನ ನಲವತ್ತು ದಿನಗಳಲ್ಲಿ ಬರುವ ಶುಕ್ರವಾರಗಳಲ್ಲಿ, ಇಡೀ ಊರು ಒಟ್ಟಿಗೆ ನಡೆಯುತ್ತದೆ. ಆಗ ಮೂರಡಿ ಹಾದಿ ಸಾಲುವುದಿಲ್ಲ, ಜನ ಮಡಿಯ ಮೇಲೆ ಹತ್ತುತ್ತಾರೆ. ಈ ಹಾದಿಗೆ ಆರಡಿ ಅಗಲ ಬಿಡಿ, ತೋಟದ ಹೊರ ಅಂಚಿನಲ್ಲೇ ಸುತ್ತಿಸಿ. ಒಳಗಿನ ಮೌನದ ಜಾಗ ಹಾಗೇ ಉಳಿಯುತ್ತದೆ.

ಇನ್ನೊಂದು ಲ್ಯಾಬಿರಿಂತ್. ಕನ್ನಡದಲ್ಲಿ ಸುತ್ತುಹಾದಿ ಅನ್ನೋಣ. ದಾರಿ ತಪ್ಪಿಸುವ ಆಟದ ಹಾದಿಗಳ ಹಾಗೆ ಇದರಲ್ಲಿ ಕವಲು ಇಲ್ಲ. ಒಂದೇ ದಾರಿ, ಸುತ್ತಿ ಸುತ್ತಿ ನಡುವಿಗೆ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲಿನ ನೆಲದಲ್ಲಿ 13ನೇ ಶತಮಾನದ್ದು ಒಂದಿದೆ, ಸುಮಾರು 13 ಮೀಟರ್ ಅಗಲ, 11 ಸುತ್ತು. ವಿದೇಶಿ ವಸ್ತು ಅಂತ ಯಾರಾದರೂ ಮೂಗು ಮುರಿದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಕೆತ್ತಿದ ಚಕ್ರವ್ಯೂಹ ನೋಡಿ ಬರಲು ಹೇಳಿ. ಅಲ್ಲೂ ಇಂಥದ್ದೇ ಸುತ್ತು.

ನಮ್ಮ ಚರ್ಚುಗಳಿಗೆ 7 ಸುತ್ತಿನದ್ದು ಸಾಕು. ರಂಗೋಲಿ ಹಾಕಿ ಗೊತ್ತಿರುವವರಿಗೆ ಇದು ಐದು ನಿಮಿಷದ ಕೆಲಸ. ಮೊದಲು ಕಾಗದದಲ್ಲಿ ಮಾಡಿ:

ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದರ ನಾಲ್ಕು ಮೂಲೆಗಳ ಒಳಗೆ ಒಂದೊಂದು ಮೂಲೆಮಟ್ಟದ ಆಕಾರ, ಅದರ ಮೂಲೆ ನಡುವಿನ ಕಡೆಗೆ. ಅದರಾಚೆ ನಾಲ್ಕು ಮೂಲೆಯಲ್ಲೂ ಒಂದೊಂದು ಚುಕ್ಕಿ. ಚುಕ್ಕಿಗಳನ್ನು ಸೇರಿಸಿದರೆ ಚೌಕ ಆಗಬೇಕು. ಈಗ ಕೂಡಿಸುವ ಚಿಹ್ನೆಯ ಮೇಲ್ತುದಿಯಿಂದ ಕಮಾನಿನ ಹಾಗೆ ಎಳೆದು ಅದರ ಬಲಕ್ಕಿರುವ ಗೆರೆಯ ತುದಿಗೆ ಸೇರಿಸಿ. ಮುಂದಿನ ಕಮಾನು ಎಡಗಡೆಯ ಮುಂದಿನ ತುದಿಯಿಂದ, ಮೊದಲ ಕಮಾನಿನ ಮೇಲಿಂದ ಹಾದು, ಬಲಗಡೆಯ ಮುಂದಿನ ತುದಿಗೆ. ಬಲದಲ್ಲಿ ಅದು ಚುಕ್ಕಿಯೇ ಆಗಿರುತ್ತದೆ. ಹೀಗೆ ಎಡದಲ್ಲಿ ಒಂದೊಂದು ಬಿಟ್ಟ ತುದಿ, ಬಲದಲ್ಲಿ ಒಂದೊಂದು, ಯಾವುದನ್ನೂ ಹಾರಿಸದೆ ಕೆಳಗಿನವರೆಗೆ. ಒಟ್ಟು 8 ಕಮಾನು. ಎಂಟನೆಯದು ಕೂಡಿಸುವ ಚಿಹ್ನೆಯ ಕೆಳತುದಿಗೆ ಬಂದು ನಿಂತರೆ ಸರಿ ಆಯ್ತು ಅಂತ ಲೆಕ್ಕ. ಗೆರೆಗಳು ಗೋಡೆ, ನಡುವಿನ ಖಾಲಿ ಜಾಗ ಹಾದಿ.

ನೆಲದ ಮೇಲೆ ಇಳಿಸುವಾಗ ಹಗ್ಗ, ಗೂಟ, ಸುಣ್ಣದ ಪುಡಿ ಸಾಕು. ಹಾದಿಗೆ ಎರಡಡಿ ಅಗಲ ಇಟ್ಟರೆ ಒಟ್ಟು ಅಗಲ 30 ಅಡಿ, ಸುತ್ತ ನಿಲ್ಲಲು ಮೂರಡಿ ಬಿಟ್ಟರೆ 36. ಅಂದರೆ ಸುಮಾರು ಮೂರು ಸೆಂಟ್ಸ್ ಜಾಗ. ಸುಣ್ಣದ ಗೆರೆಯಲ್ಲಿ ಒಂದು ವಾರ ಬಿಡಿ. ಮಕ್ಕಳು ಓಡಲಿ, ಅಜ್ಜಿಯರು ನಡೆಯಲಿ. ತಪ್ಪು ಇದ್ದರೆ ಆಗಲೇ ಗೊತ್ತಾಗುತ್ತದೆ, ಕಲ್ಲು ಹಾಕಿದ ಮೇಲೆ ಗೊತ್ತಾದರೆ ಮೇಸ್ತ್ರಿ ಫೋನ್ ಎತ್ತುವುದಿಲ್ಲ.

ಗೆರೆಗೆ ಮುರಕಲ್ಲಿನ ತುಂಡು ಚೆನ್ನಾಗಿರುತ್ತದೆ, ನೆಲದ ಮಟ್ಟಕ್ಕೆ ಹೂಳಿ, ಎದ್ದು ನಿಂತರೆ ಎಡವುತ್ತಾರೆ. ಆದರೆ ಕಾಲಿಡುವ ಜಾಗಕ್ಕೆ ಮುರಕಲ್ಲು ಬೇಡ. ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು, ಬರುವಷ್ಟರಲ್ಲಿ ಅದರ ಮೇಲೆ ಪಾಚಿ ಕಟ್ಟಿ ಸಾಬೂನು ಸವರಿದ ಹಾಗೆ ಜಾರುತ್ತದೆ. ಸಣ್ಣ ಜಲ್ಲಿ ಹಾಕಿ ಗುಮ್ಮಿದ ನೆಲ ಒಳ್ಳೆಯದು. ಹಾದಿ ಯಾವುದೇ ಇರಲಿ, ಒಂದು ಬದಿಗೆ ನಾಲ್ಕಡಿಗೆ ಒಂದು ಇಂಚಿನಷ್ಟು ಇಳಿಜಾರು ಇರಲಿ.

ಗಾಲಿಕುರ್ಚಿಯವರಿಗೆ ಸುತ್ತುಹಾದಿ ಆಗುವುದಿಲ್ಲ. ಅವರಿಗಾಗಿ ಗೇಟಿನಿಂದ ಕೂರುವ ಜಾಗದವರೆಗೆ ನಾಲ್ಕಡಿ ಅಗಲದ ಗಟ್ಟಿ ಹಾದಿ ಬೇಕೇ ಬೇಕು. ಮೆಟ್ಟಿಲು ಇರುವಲ್ಲಿ ಇಳಿಜಾರು ಕಟ್ಟುವುದಾದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಮತ್ತೆ ಒಂದು ಬೆರಳಹಾದಿ ಮಾಡಿಸಿ. ಅದೇ ಸುತ್ತನ್ನು ಎರಡಡಿ ಅಗಲದ ಕಲ್ಲಿನಲ್ಲಿ ಬೆರಳು ಹೋಗುವಷ್ಟು ಆಳಕ್ಕೆ ಕೊರೆದು, ಕೂತವರ ಕೈಗೆ ಸಿಗುವ ಎತ್ತರದಲ್ಲಿ ಇಡುವುದು. ಕಣ್ಣು ಕಾಣದವರು, ನಡೆಯಲಾರದವರು ಬೆರಳಲ್ಲೇ ನಡುವಿನವರೆಗೆ ಹೋಗಿ ಬರಬಹುದು. ಕಾರ್ಕಳದ ಶಿಲ್ಪಿಗಳಿಗೆ ಇದು ಏನೂ ಅಲ್ಲ. ಕೊರೆದ ಚಡಿಯ ಕೆಳ ಅಂಚಿನಲ್ಲಿ ಒಂದು ಸಣ್ಣ ತೂತು ಮಾಡಿಸಲು ಮರೆಯಬೇಡಿ, ಇಲ್ಲಾಂದ್ರೆ ಮಳೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ. ಇಡೀ ತೋಟದಲ್ಲಿ ಒಂದೇ ಕಲಾವಸ್ತು ಮಾಡಿಸಲು ದುಡ್ಡಿದ್ದರೆ ನಾನು ಇದನ್ನೇ ಮಾಡಿಸುತ್ತೇನೆ.

5. ಕೂರುವ ಜಾಗ

ಎರಡು ಮೂರು ಬೆಂಚು ಸಾಕು. ಒಂದರ ಬೆನ್ನಿಗೆ ಇನ್ನೊಂದು ಇರಲಿ ಅಥವಾ ದೂರ ಇರಲಿ, ಎದುರುಬದುರು ಇಟ್ಟರೆ ಮಾತು ಶುರುವಾಗುತ್ತದೆ. ಮುರಕಲ್ಲಿನ ಕಟ್ಟೆಗೆ ಮೇಲೆ ಗ್ರಾನೈಟ್ ಹಾಸು, ಎತ್ತರ 17-18 ಇಂಚು. ಒಂದಕ್ಕಾದರೂ ಒರಗು ಮತ್ತು ಕೈ ಊರಿ ಏಳಲು ಹಿಡಿ ಇರಲಿ, ಪ್ರಾಯದವರಿಗೆ. ಕಬ್ಬಿಣದ ಬೆಂಚು ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ, ಕಚ್ಚಾ ಮರಕ್ಕೆ ಗೆದ್ದಲು.

ತೆಂಗಿನ ಮರದಡಿ ಬೆಂಚು ಹಾಕಬೇಡಿ. ನಗಬೇಡಿ, ಹಾಕಿದವರನ್ನು ನೋಡಿದ್ದೇನೆ.

6. ಗಿಡಗಳು

ಗಟ್ಟಿ ಮುರಕಲ್ಲಿನಲ್ಲಿ ಮರದ ಗುಂಡಿಯನ್ನು ಬೇಸಿಗೆಯಲ್ಲೇ ಪಿಕ್ಕಾಸಿನಲ್ಲಿ ಅಗೆದಿಡಿ. ಕನಿಷ್ಠ ಮೂರಡಿ ಅಗಲ, ಮೂರಡಿ ಆಳ. ಮೇಲ್ಮಣ್ಣು, ಹಟ್ಟಿಗೊಬ್ಬರ, ತರಗೆಲೆ ತುಂಬಿಸಿ, ಮೊದಲ ಎರಡು ಮಳೆ ಬಿದ್ದು ಮಣ್ಣು ಕೂತ ಮೇಲೆ ನೆಡಿ. ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಮುರಕಲ್ಲು ಮೆತ್ತಗಾಗಲಿ ಅಂತ ತೆಂಗಿನ ಗುಂಡಿಯ ಅಡಿಗೆ ಆರು ತಿಂಗಳು ಮೊದಲು ಎರಡು ಕಿಲೋ ಉಪ್ಪು ಹಾಕುವ ಕ್ರಮ ಉಂಟು, ಸಿಪಿಸಿಆರ್‌ಐ ಕೂಡ ಅದನ್ನೇ ಹೇಳುತ್ತದೆ. ಸಿಪಿಸಿಆರ್‌ಐ ಅಂದರೆ ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ, ಈಗಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಆ ಉಪ್ಪು ತೆಂಗಿಗೆ ಮಾತ್ರ. ತೆಂಗು ಉಪ್ಪು ತಡೆಯುತ್ತದೆ, ನಿಮ್ಮ ಸಂಪಿಗೆ ತಡೆಯುವುದಿಲ್ಲ.

ಏನು ನೆಡುವುದು? ನೆರಳಿಗೆ ರೆಂಜೆ, ಅಂದರೆ ಬಕುಳ. ನಿಧಾನ ಬೆಳೆಯುತ್ತದೆ, ಆದರೆ ಆ ಸಣ್ಣ ಹೂ ಬಿದ್ದು ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಬೆಳಗಿನ ಪೂಜೆಗೆ ಬರುವವರಿಗಾಗಿ ಹಾದಿಯ ಪಕ್ಕ ಒಂದು ಪಾರಿಜಾತ. ರಾತ್ರಿ ಅರಳಿ ಬೆಳಿಗ್ಗೆ ನೆಲಕ್ಕೆ ಉದುರಿರುತ್ತದೆ, ಅದನ್ನು ಗುಡಿಸಬೇಡಿ ಅಂತ ಗುಡಿಸುವವರಿಗೆ ಹೇಳಿಡಿ. ನಂದಿಬಟ್ಟಲು, ಕೇಪಳ, ದಾಸವಾಳ ಇವಕ್ಕೆ ಹೆಚ್ಚು ಆರೈಕೆ ಬೇಡ. ಲಿಂಬೆ, ಕರಿಬೇವು ಒಂದೊಂದು ಇರಲಿ, ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಹುಳ ಎಲೆ ತಿಂದರೆ ಗಾಬರಿ ಬೇಡ, ಅದೇ ಮುಂದೆ ಚಿಟ್ಟೆ.

ಬೇಡದವು: ಕಣಗಿಲೆ, ಮಕ್ಕಳು ಬರುವಲ್ಲಿ ಬೇಡವೇ ಬೇಡ, ಬೇರಿನಿಂದ ಹೂವಿನವರೆಗೆ ಇಡೀ ಗಿಡ ವಿಷ. ಅಕೇಶಿಯಾ ಬೇಡ. ಗೋಡೆಯ ಹತ್ತಿರ ಆಲ, ಅಶ್ವತ್ಥ ಬೇಡ. ಹಕ್ಕಿ ಹಿಕ್ಕೆಯಿಂದ ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ್ದನ್ನೂ ಸಣ್ಣದಿರುವಾಗಲೇ ಕಿತ್ತುಬಿಡಿ. ಹುಲ್ಲುಹಾಸು ಅಂದರೆ ಲಾನ್ ಬೇಡ, ಏಪ್ರಿಲಿನಲ್ಲಿ ಬಾವಿ ನೀರೆಲ್ಲ ಅದೇ ಕುಡಿಯುತ್ತದೆ.

ಕಳೆನಾಶಕ, ಕೀಟನಾಶಕ ಒಳಗೆ ತರಲೇಬೇಡಿ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ಇದು. ಇದಕ್ಕಿಂತ ಹೆಚ್ಚು ವಿವರಣೆ ನಮ್ಮವರಿಗೆ ಬೇಕಾಗಿಲ್ಲ. ಕಳೆ ಕೈಯಲ್ಲೇ ಕೀಳಬೇಕು. ಗಿಡದ ಬುಡಕ್ಕೆ ಅಡಿಕೆ ಸೋಗೆ, ತರಗೆಲೆ, ತೆಂಗಿನ ಸಿಪ್ಪೆ ದಪ್ಪಕ್ಕೆ ಹಾಸಿದರೆ ಕಳೆಯೂ ಕಡಿಮೆ, ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ. ಹಾಸಿದ್ದು ಹಾದಿಗೆ ಮತ್ತು ಬೆಂಚಿಗೆ ತಾಗದೆ ಎರಡಡಿ ದೂರ ಇರಲಿ, ತರಗೆಲೆಯಡಿ ಹಾವು ಇರುತ್ತದೆ.

ಬೀಜ, ಸಸಿಗೆ ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಮೇ ತಿಂಗಳಲ್ಲೇ ಕೇಳಿ. ಜೂನ್ 5ರ ಪರಿಸರ ದಿನದ ಹೊತ್ತಿಗೆ ಎಲ್ಲರೂ ಹೋಗುತ್ತಾರೆ, ಆಮೇಲೆ ಸಿಗುವುದು ಉಳಿದದ್ದು.

7. ಕಲೆ, ಕೊನೆಗೆ

ತೋಟ ಆಗುವ ಮೊದಲೇ ಶಿಲ್ಪ ತಂದಿಡಬೇಡಿ. ಮೊದಲು ಹಾದಿ, ನೆರಳು. ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ತಿಳಿದ ಮೇಲೆ ಅಲ್ಲಿಗೆ ಕಲೆ. ಇಪ್ಪತ್ತು ವಸ್ತು ತುಂಬಿಸಿದರೆ ಅದು ಪ್ರದರ್ಶನ ಆಗುತ್ತದೆ, ಮೂರು ಸಾಕು.

ಮೊಸಾಯಿಕ್: ಒಡೆದ ಹಂಚು, ಪಿಂಗಾಣಿ, ಟೈಲ್ಸ್ ಚೂರುಗಳನ್ನು ಜೋಡಿಸಿ ಮಾಡುವ ಚಿತ್ರ. ಊರಿನವರೆಲ್ಲ ಕೈ ಹಾಕಬಹುದಾದ ಕಲೆ ಅಂದರೆ ಇದೇ. ಮನೆ ಮನೆಯಿಂದ ಒಡೆದ ಬಟ್ಟಲು, ತಟ್ಟೆ ತರಿಸಿ. ಹಳೆ ಮನೆ ಕೆಡವಿದಲ್ಲಿ ಮಂಗಳೂರು ಹಂಚು ಸಿಗುತ್ತದೆ. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಮಾಡುಗಳೆಲ್ಲ ಕೆಂಪಾದವು, ಹಾಗಾಗಿ ಚರ್ಚಿನ ಅಂಗಳಕ್ಕೆ ಅದು ಹೊರಗಿನ ವಸ್ತು ಏನಲ್ಲ. ಮೊದಲು ಹಲಗೆಯ ಮೇಲೆ ಚಿತ್ರ ಬರೆದು, ಮಕ್ಕಳಿಂದ ಚೂರುಗಳನ್ನು ಅಂಟಿಲ್ಲದೆ ಜೋಡಿಸಿಸಿ, ಫೋಟೋ ತೆಗೆಯಿರಿ. ಆಮೇಲೆ ಗೋಡೆಗೆ. ಚೂರು ಮಾಡುವುದು ದೊಡ್ಡವರ ಕೆಲಸ, ಗೋಣಿಯೊಳಗೆ ಹಾಕಿ ಸುತ್ತಿಗೆಯಲ್ಲಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಹಂಚಿನ ಚೂರನ್ನು ನೀರಲ್ಲಿ ನೆನೆಸಿ ಹಾಕಿ, ಒಣ ಹಂಚು ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ.

ಅಂಟು ಸಿಮೆಂಟಿನ ಟೈಲ್ಸ್ ಅಂಟೇ ಆಗಬೇಕು. ಬಡಗಿಯವರ ಬಿಳಿ ಅಂಟು ಹಾಕಿ ನಾವು ಒಮ್ಮೆ ಪಾರಿವಾಳ ಮಾಡಿದ್ದೆವು. ಬೇಸಿಗೆಯಲ್ಲಿ ಎಲ್ಲರೂ ಹೊಗಳಿದರು. ಜೂನ್ ಎರಡನೇ ವಾರ ನೋಡಿದರೆ ಒಂದು ರೆಕ್ಕೆ ಕಣಿಯಲ್ಲಿತ್ತು. ಅಂಟು ಹಾಕಿ ಒಂದು ದಿನ ಬಿಟ್ಟು ಸಂದು ತುಂಬಿಸಿ, ಮೂರು ನಾಲ್ಕು ದಿನ ನೀರು ಚಿಮುಕಿಸಿ. ಕೈ ತಾಗುವ ಅಂಚುಗಳನ್ನು ಉಜ್ಜಿ ನಯ ಮಾಡಿ. ನೆಲದಲ್ಲಿ ಮೊಸಾಯಿಕ್ ಬೇಡ, ಜಾರುತ್ತದೆ.

ಗೋಡೆಚಿತ್ರ: ಎಲ್ಲರಿಗೂ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಮನಸ್ಸಿನಲ್ಲಿರುತ್ತದೆ. ಅಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಬರೆದ ಫ್ರೆಸ್ಕೊಗಳಿವೆ, ನೂರಿಪ್ಪತ್ತು ವರ್ಷ ದಾಟಿದವು. ಫ್ರೆಸ್ಕೊ ಅಂದರೆ ಒದ್ದೆ ಸುಣ್ಣದ ಗಾರೆಯ ಮೇಲೆ ಬರೆಯುವುದು. ಆದರೆ ಅದು ಒಳಗೋಡೆ, ಮೇಲೆ ಮಾಡು ಉಂಟು. ನಿಮ್ಮ ಕಂಪೌಂಡಿನ ಗೋಡೆಗೆ ಆ ಆಸೆ ಬೇಡ. ಹೊರಗೋಡೆಗೆ ಹೊರಗಿನ ಪ್ರೈಮರ್, ಆಕ್ರಿಲಿಕ್ ಬಣ್ಣ. ಹೊಸ ಗಾರೆಯಾದರೆ 28 ದಿನ ಬಿಡಿ. ಹಳೇ ಗೋಡೆಯಾದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಮರುದಿನ ನೋಡಿ. ಒಳಗೆ ಹನಿ ಕಟ್ಟಿದ್ದರೆ ಗೋಡೆಯಲ್ಲಿ ತೇವ ಉಂಟು, ಅಲ್ಲಿ ಬಣ್ಣ ನಿಲ್ಲುವುದಿಲ್ಲ. ಹಿಂಬದಿಗೆ ಮಣ್ಣು ತಾಗಿರುವ ಗೋಡೆಗಳೆಲ್ಲ ಹೀಗೇ. ಚಿತ್ರದ ಮೇಲೆ ಒಂದೂವರೆ ಅಡಿ ಹಂಚಿನ ಮಾಡು ಇಳಿಸಿದರೆ ಬಾಳಿಕೆ ಜಾಸ್ತಿ.

ಹೊಸ ಮೂರ್ತಿ ಇಡುವ ಬಗ್ಗೆ ಯೋಚಿಸಿ ಹೆಜ್ಜೆ ಇಡಿ. ಮೂರ್ತಿ ಬಂತು ಅಂದರೆ ಮೇಣದ ಬತ್ತಿ ಬಂತು, ಕಾಣಿಕೆ ಡಬ್ಬಿ ಬಂತು, ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಬಂತು, ಮೈಕ್ ಬಂತು. ಅದೆಲ್ಲ ಬೇಕಾದದ್ದೇ, ಆದರೆ ಅದಕ್ಕೆ ಗ್ರೊಟ್ಟೊ, ಅಂದರೆ ಮರಿಯಮ್ಮನ ಮೂರ್ತಿ ಇಟ್ಟ ಗುಹೆ, ಇದೆಯಲ್ಲ.

8. ಬರಹ ಮತ್ತು ಹೆಸರು

ಜಗಳ ಆಗುವುದು ಇಲ್ಲಿ. ಫಲಕ ಯಾವ ಭಾಷೆಯಲ್ಲಿ? ಕನ್ನಡವೋ, ಕನ್ನಡ ಲಿಪಿಯ ಕೊಂಕಣಿಯೋ, ಮಲಯಾಳವೋ? ತುಳು ಯಾಕಿಲ್ಲ? ಕಾಸರಗೋಡಿನಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. ನನ್ನ ಸಲಹೆ, ಬರಹವನ್ನೇ ಕಡಿಮೆ ಮಾಡಿ. ಒಂದು ಕಲ್ಲಿಗೆ ಒಂದು ಪದ. 'ಕೂರು', 'ಕೇಳು', 'ನಿಧಾನ'. ಒಂದು ಕಲ್ಲು ಕನ್ನಡದಲ್ಲಿ, ಇನ್ನೊಂದು ಕೊಂಕಣಿಯಲ್ಲಿ, ಮತ್ತೊಂದು ಮಲಯಾಳದಲ್ಲಿ, ಮಗದೊಂದು ತುಳುವಿನಲ್ಲಿ. ಒಂದನ್ನೇ ನಾಲ್ಕು ಸಲ ಅನುವಾದಿಸಿ ಹಾಕುವುದಕ್ಕಿಂತ ಇದು ಚಂದ, ಓದಲು ಬಾರದ ಕಲ್ಲಿನ ಎದುರು ಜನ ಪಕ್ಕದವರನ್ನು ಕೇಳುತ್ತಾರೆ. ಕೆತ್ತುವ ಮೊದಲು ಆಯಾ ಭಾಷೆಯವರಿಂದ ಕಾಗುಣಿತ ನೋಡಿಸಿ. ಕಲ್ಲಿನ ಮೇಲಿನ ತಪ್ಪಿಗೆ ರಬ್ಬರ್ ಇಲ್ಲ.

ದಾನಿಗಳ ಹೆಸರಿನ ವಿಷಯ. ಬೆಂಚು ಕೊಟ್ಟವರು ಬೆಂಚಿನ ಮೇಲೆ ಹೆಸರು ಕೇಳುತ್ತಾರೆ, ತೀರಿಕೊಂಡ ತಂದೆತಾಯಿಯ ನೆನಪಿಗೆ ಅಂತ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಬೇಡ ಅನ್ನಲು ಆಗದು, ಎರಡು ವರ್ಷದಲ್ಲಿ ತೋಟ ಎರಡನೇ ಸಿಮಿಟ್ರಿ ಆಗಿರುತ್ತದೆ. ಮೊದಲ ರೂಪಾಯಿ ತೆಗೆದುಕೊಳ್ಳುವ ಮೊದಲೇ ನಿಯಮ ಮಾಡಿ: ತೋಟದಲ್ಲಿ ಯಾರ ಹೆಸರೂ ಇಲ್ಲ, ಎಲ್ಲರ ಹೆಸರೂ ಚರ್ಚ್ ಕಚೇರಿಯ ಪುಸ್ತಕದಲ್ಲಿ. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಆ ಪುಸ್ತಕವನ್ನು ತೋಟಕ್ಕೆ ತಂದು ಹೆಸರು ಓದಿ. ಇದಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

9. ತರಕಾರಿ ಮಡಿ, ಹೂವಿನ ಬುಟ್ಟಿ

ಜನ ತೋಟಕ್ಕೆ ಪದೇ ಪದೇ ಬರಬೇಕಾದರೆ ಕೈಗೆ ಕೆಲಸ ಬೇಕು. ಒಂದು ಬದಿಗೆ ನಾಲ್ಕಡಿ ಅಗಲದ ಏರು ಮಡಿಗಳನ್ನು ಮಾಡಿ, ಚರ್ಚಿನ ಪ್ರತಿ ವಾರ್ಡಿಗೊಂದು. ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟಕಬೇಕು. ಮಳೆಗಾಲಕ್ಕೆ ಬೆಂಡೆ, ಹೀರೆ, ಅಲಸಂಡೆ, ಮುಳ್ಳುಸೌತೆ. ಹರಿವೆ ಮಳೆ ಕಡಿಮೆಯಾದ ಮೇಲೆ. ಬಸಳೆಗೆ ಚಪ್ಪರ ಹಾಕಿ ಅದರಡಿ ಒಂದು ಬೆಂಚು ಇಟ್ಟರೆ ನೆರಳಿಗೂ ಆಯ್ತು, ಪದಾರ್ಥಕ್ಕೂ ಆಯ್ತು. ಬಸಳೆಯಡಿ ಎಂಥ ಧ್ಯಾನ ಅಂತ ಕೇಳುತ್ತಾರೆ. ಒಮ್ಮೆ ಕೂತು ನೋಡಲಿ.

ಕಾಡುಹಂದಿ, ನವಿಲು ಬರುವ ಕಡೆಯಾದರೆ ಬೇಲಿ ಗಟ್ಟಿ ಇಲ್ಲದೆ ಗೆಣಸು, ಮರಗೆಣಸು ಹಾಕಬೇಡಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಲೆಕ್ಕ ಹಾಕಿ ಹೂ ಬೆಳೆಸಿ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುವ ಕ್ರಮ ಕ್ಯಾಥೊಲಿಕ್ ಓದುಗರಿಗೆ ಗೊತ್ತೇ ಇದೆ. ಈಗ ಹೆಚ್ಚಿನ ಮಕ್ಕಳು ಪೇಟೆಯಿಂದ ಕೊಂಡ ಹೂ ತರುತ್ತಾರೆ. ಗೊಂಡೆಯ ಬೀಜವನ್ನು ಜೂನ್ ಕೊನೆಗೆ ಮಾಡಿನಡಿ ಹಾಕಿ, ಸಸಿಗಳನ್ನು ಜುಲೈಯಲ್ಲಿ ಏರು ಮಡಿಗೆ ಬದಲಿಸಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಂಡರೆ ಆ ಹೊತ್ತಿಗೆ ಹೂ ಸಿಗುತ್ತದೆ. ಹಬ್ಬದೂಟಕ್ಕೆ ಮೂರೋ ಐದೋ ಏಳೋ ಬಗೆಯ ತರಕಾರಿ ಬೇಕಲ್ಲ, ಅದರಲ್ಲಿ ಒಂದೆರಡಾದರೂ ಈ ಮಡಿಯದ್ದಿರಲಿ.

10. ಆಟಿಯಲ್ಲಿ ಕಳೆ, ಏಪ್ರಿಲಿನಲ್ಲಿ ನೀರು

ಉದ್ಘಾಟನೆಗೆ ಇನ್ನೂರು ಜನ ಬರುತ್ತಾರೆ, ಆಟಿಯಲ್ಲಿ ಕಳೆ ಕೀಳಲು ನಾಲ್ಕು ಜನ. ಆ ನಾಲ್ಕು ಜನ ಯಾರು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಒಂದು ವರ್ಷ ಮುಂದೂಡಿ. ತಿಂಗಳಿಗೊಂದು ವಾರ್ಡ್ ಅಂತ ಹಂಚಿ, ಪ್ರತಿ ವಾರ್ಡಿಗೆ ಗುರಿಕಾರರ, ಅಂದರೆ ವಾರ್ಡಿನ ಮುಖಂಡರ ಜೊತೆ ಇನ್ನೊಬ್ಬರ ಹೆಸರು ಬರೆದುಕೊಳ್ಳಿ. ಹಕ್ಕಿಗಳಿಗೆ ಇಟ್ಟ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಬೇಕು, ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ದೀಪ ಬೇಕಾದರೆ ಮೊಣಕಾಲೆತ್ತರದ ಸಣ್ಣ ದೀಪ, ಹೊತ್ತಿಗೆ ಸರಿಯಾಗಿ ಆರಿಸಿ. ಫ್ಲಡ್‌ಲೈಟ್ ಹಾಕಿದರೆ ಮಳೆ ಶುರುವಿನ ಮಿಂಚುಹುಳ ಕಾಣುವುದಿಲ್ಲ.

ಗಿಡ ಸಾಯುವುದು ಹೆಚ್ಚಾಗಿ ಏಪ್ರಿಲ್, ಮೇ ರಜೆಯಲ್ಲಿ. ಎಲ್ಲರೂ ಅಜ್ಜಿ ಮನೆಗೆ, ನೀರು ಹಾಕುವವರಿಲ್ಲ. ಹನಿ ನೀರಾವರಿ, ಅಂದರೆ ಸಣ್ಣ ಪೈಪಿನಿಂದ ಬುಡಕ್ಕೆ ಹನಿ ಹನಿ ನೀರು ಬಿಡುವುದು, ಹಾಕಿಸಿದ್ದರೂ ವಾಲ್ವ್ ತಿರುಗಿಸಲು ಒಬ್ಬರು ಬೇಕು. ಆ ಎರಡು ತಿಂಗಳ ಪಟ್ಟಿ ಬೇರೆಯೇ ಮಾಡಿ, ದಿನಕ್ಕೊಂದು ಹೆಸರು, ಪಕ್ಕದಲ್ಲಿ ಫೋನ್ ನಂಬರ್. ಪಂಪಿನ ಸ್ವಿಚ್ ಹತ್ತಿರ ಅಂಟಿಸಿ. ಲ್ಯಾಮಿನೇಟ್ ಮಾಡಿಸಿ ಮಾರಾಯ್ರೇ, ಇಲ್ಲಾಂದ್ರೆ ಜೂನಿನಲ್ಲಿ ಅದೂ ಹೋಗುತ್ತದೆ.